ಮೀನೂಟದ ಡಬ್ಬಿ

ಆ ಮನೆಯಲ್ಲಿ ಬೆಳಗಾಗುವುದು ಬೆರಳುದ್ದದ ಒಂದು ಗಾಜಿನ ಶೀಶೆಯಿಂದ. ಯಜಮಾನರು ಎದ್ದವರೇ ಮುಖವನ್ನೂ ತೊಳೆಯದೆ, ಹಾಲ್‌ನಲ್ಲಿರುವ ಮೀನು, ಹವಳ ಸಾಕಿದ ಗಾಜಿನ ತೊಟ್ಟಿಯ ನೀರನ್ನು ಶೀಶೆಗೆ ತುಂಬಿ, ಅದಕ್ಕೊಂದು ಪುಡಿ ಸುರಿದು, ಕುಲುಕಿ, ಕಿಟಕಿಯ ಬೆಳಕಿಗೆ ಹಿಡಿದು ಮನೆಮಂದಿಯನ್ನೆಲ್ಲ ಕೂಗುತ್ತಾರೆ. ಮಲಗಿದವರು ಏಳಬೇಕು, ಹಲ್ಲುಜ್ಜುತ್ತಿರುವವರು ನೊರೆಬಾಯಲ್ಲೇ ಬರಬೇಕು. ನೀರಿನಲ್ಲಿ ಫಾಸ್ಫೇಟ್ ಇದ್ದರೆ ಶೀಶೆ ನೀಲಿಯಾಗುತ್ತದೆ. ಹೆಚ್ಚಿದ್ದಷ್ಟೂ ಗಾಢ ನೀಲಿ. ಬಣ್ಣದ ಪಟ್ಟಿಯೊಂದನ್ನು ಪಕ್ಕದಲ್ಲಿ ಹಿಡಿದು, ಇವತ್ತಿನ ನೀಲಿ ಯಾವ ನೀಲಿಗೆ ಹೊಂದುತ್ತದೆ ಎಂದು ಎಲ್ಲರೂ ಅಭಿಪ್ರಾಯ ಕೊಡಬೇಕು.

"ಈ ನೀಲಿನಾ, ಇದರ ಮುಂದಿನ ನೀಲಿನಾ?"

"ಮುಂದಿನದು," ಎಂದಳು ಮಗಳು, ಬ್ರಷ್ ಕಚ್ಚಿಕೊಂಡೇ.

"ಸರಿಯಾಗಿ ನೋಡು. ಹಿಂದಿನದೇ ಇರಬೇಕು."

"ಹಾಗಾದ್ರೆ ಹಿಂದಿನದು. ಹೋಗ್ಲಾ ಅಪ್ಪ?"

"ನಿಮ್ಮಪ್ಪನ ಹಳೇ ಸ್ವೆಟರ್ ನೀಲಿ ಕಣೋ ಅದು," ಎಂದರು ಅವರ ತಾಯಿ, ಕನ್ನಡಕ ಹಾಕಿಕೊಳ್ಳದೆಯೇ. "ಮೊಣಕೈ ಹತ್ತಿರ ಹರಿದಿತ್ತಲ್ಲ, ಅದು."

"ಅಮ್ಮ, ಇದು ವಿಜ್ಞಾನ."

"ಸ್ವೆಟರ್ ನಾನೇ ಹೆಣೆದಿದ್ದು. ನೀಲಿ ನನಗೆ ಗೊತ್ತಿಲ್ವಾ?"

ಅಡುಗೆಮನೆಯ ಬಾಗಿಲಲ್ಲಿ, ಕೈಯೆಲ್ಲ ಮೈದಾ ಮಾಡಿಕೊಂಡು ಅವರ ಹೆಂಡತಿ ನಿಂತಿದ್ದಳು. ಬೀದಿಯವರ ಬಾಯಲ್ಲಿ ಅವಳ ಹೆಸರು ಕೇಕಕ್ಕ. ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ಬೆಳಗಿನ ಹೊತ್ತು ಒಂದು ಕೇಕು ಓವನ್ನಿನೊಳಗೆ ಹೋಗುವಷ್ಟರಲ್ಲಿ ಇಂಥ ಪಂಚಾಯ್ತಿ ಮುಗಿದರೆ ಸಾಕು ಎಂಬುದಷ್ಟೇ ಅವಳ ಆಸೆ.

ಯಜಮಾನರ ಕೆಲಸ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವುದು. ಊರೆಲ್ಲ ಅವರನ್ನು ಇನ್‌ಸ್ಪೆಕ್ಟರು ಎನ್ನುತ್ತಿತ್ತು. ಹೋದಲ್ಲೆಲ್ಲ ತೂಕದ ಕಲ್ಲುಗಳ ಪೆಟ್ಟಿಗೆಯೊಂದನ್ನು ಒಯ್ದು, ಅಂಗಡಿಯವರ ತಕ್ಕಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ದಂಡ ಹಾಕಿ ಬರುತ್ತಿದ್ದರು. "ಸ್ವಾಮಿ, ಗಾಳಿಗೆ ಅಲ್ಲಾಡಿತು" ಎಂದರೆ ಕೇಳುತ್ತಿರಲಿಲ್ಲ. "ತೇವಕ್ಕೆ ಭಾರ ಬಂತು" ಎಂದರೆ ಇನ್ನಷ್ಟು ಕೋಪ. ಅಂಥವರಿಗೆ ಒಂದು ದಿನ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ, ಸರದಿ ಕಾಯುವವರ ಭಯ ಕಳೆಯಲೆಂದು ದೊಡ್ಡದೊಂದು ಹವಳದ ತೊಟ್ಟಿ ಇತ್ತು. ಇನ್‌ಸ್ಪೆಕ್ಟರ ಭಯ ಎಷ್ಟು ಚೆನ್ನಾಗಿ ಕಳೆಯಿತೆಂದರೆ, ಒಂದು ಹಲ್ಲು ಅಲ್ಲಿ ಬಿಟ್ಟು, ಆ ಜಾಗದಲ್ಲಿ ಒಂದು ಹುಚ್ಚು ತುಂಬಿಸಿಕೊಂಡು ಮನೆಗೆ ಬಂದರು.

ಹಲ್ಲಿನ ಡಾಕ್ಟರರು ಹವಳ ಸಾಕುವವರ ಕೂಟಕ್ಕೆ ಅಧ್ಯಕ್ಷರು. ಆ ಕೂಟದಲ್ಲಿ ಒಬ್ಬರನ್ನೊಬ್ಬರು ಹೆಂಡತಿ ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳುವ ಪದ್ಧತಿಯಿಲ್ಲ. ಫಾಸ್ಫೇಟ್ ಎಷ್ಟಿದೆ ಎಂದು ಕೇಳುತ್ತಾರೆ. ಕಡಿಮೆ ಇದ್ದವನು ದೊಡ್ಡ ಮನುಷ್ಯ. ಹೆಚ್ಚಿದ್ದವನ ಭುಜ ತಟ್ಟಿ, "ಆಗುತ್ತೆ ಬಿಡಿ, ಎಲ್ಲರಿಗೂ ಒಂದೊಂದು ಸಲ ಆಗುತ್ತೆ" ಎನ್ನುತ್ತಾರೆ, ಅವನಿಗೆ ಚರ್ಮರೋಗವೇನೋ ಬಂದಿದೆ ಎಂಬಂತೆ. ನಮ್ಮ ಇನ್‌ಸ್ಪೆಕ್ಟರ ಭುಜವನ್ನು ಈಗಾಗಲೇ ಹಲವರು ತಟ್ಟಿದ್ದರು. ಅವರ ತೊಟ್ಟಿಯ ಬಂಡೆಗಳಿಗೆಲ್ಲ ಹಸಿರು ಗಡ್ಡ ಬಂದಿತ್ತು. ಕೂದಲಿನಂಥ ಪಾಚಿ ಹವಳಗಳ ಕುತ್ತಿಗೆಯವರೆಗೆ ಏರಿ ಕೂತಿತ್ತು. ಗಾಜನ್ನು ಬೆಳಗ್ಗೆ ಉಜ್ಜಿದರೆ ಸಂಜೆಗೆ ಮತ್ತೆ ಕಂದು. ಫಾಸ್ಫೇಟ್ ಎಂದರೆ ಪಾಚಿಗೆ ಗೊಬ್ಬರ, ಹವಳಕ್ಕೆ ಕುತ್ತು.

ಮೊದಮೊದಲು ನಲ್ಲಿ ನೀರಿನ ಮೇಲೆ ಅನುಮಾನ ಬಂತು. ನೀರು ಸೋಸುವ ಯಂತ್ರ ಬಂತು. ಆಮೇಲೆ ಉಪ್ಪಿನ ಮೇಲೆ ಬಂತು; ಬೇರೆ ಉಪ್ಪು ಬಂತು. ದೀಪ ಬದಲಾಯಿತು. ಫಾಸ್ಫೇಟ್ ಹೀರುವ ಕಂದು ಹರಳುಗಳು ಡಬ್ಬಿಗಟ್ಟಲೆ ಬಂದು, ಹೀರಿದಷ್ಟು ಹೀರಿ ಸುಸ್ತಾಗಿ ಕಸದ ಬುಟ್ಟಿ ಸೇರಿದವು. ಮಗಳ ಕೈಯ ಸೋಪು ಆಪಾದನೆಗೆ ಗುರಿಯಾಯಿತು. ತಾಯಿ ಮಂಡಿಗೆ ಹಚ್ಚುವ ಮುಲಾಮಿನ ಘಾಟು ಆಪಾದನೆಗೆ ಗುರಿಯಾಯಿತು. ಮನೆಯಲ್ಲಿ ತಪ್ಪಿತಸ್ಥರಾಗದೆ ಉಳಿದವರು ಎಂದರೆ ಇನ್‌ಸ್ಪೆಕ್ಟರು ಮತ್ತು ಮೀನುಗಳು, ಸದ್ಯಕ್ಕೆ ಕೇಕಕ್ಕ ಕೂಡ.

ಹಾಗಿರುವಾಗ ಒಂದು ಸಂಜೆ ಅವರು ಅಡುಗೆಮನೆಯ ಕಪಾಟಿನ ಮುಂದೆ ನಿಂತು ಬೇಕಿಂಗ್ ಪೌಡರಿನ ಡಬ್ಬಿಯ ಹಿಂದೆ ಬರೆದಿದ್ದ ಸಣ್ಣಕ್ಷರ ಓದಿದರು. ಎರಡು ಸಲ ಓದಿದರು. ಆಮೇಲೆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಾಲ್‌ಗೆ ಬಂದರು, ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದು ತರುವ ಹಾಗೆ.

"ಫಾಸ್ಫೇಟ್," ಎಂದರು. "ಇದರಲ್ಲಿ ಫಾಸ್ಫೇಟ್ ಇದೆ. ನಾನು ಊರೆಲ್ಲ ಹುಡುಕ್ತಿದ್ರೆ ಇದು ಮನೆಯೊಳಗೇ ಕೂತಿದೆ."

"ಅದು ಕೇಕಿಗೆ ಹಾಕೋದು ರೀ," ಎಂದಳು ಕೇಕಕ್ಕ.

"ಗಾಳಿ ಅಂತ ಒಂದಿದೆ. ನೀನು ಚಮಚದಲ್ಲಿ ತೆಗೀತೀಯ, ಜರಡಿ ಹಿಡೀತೀಯ, ಅದು ಹಾರುತ್ತೆ. ಹಾರಿದ್ದು ಎಲ್ಲಿ ಬೀಳಬೇಕು?"

"ನನ್ನ ತಲೆ ಮೇಲೆ. ದಿನಾ ಬೀಳುತ್ತೆ."

"ತಮಾಷೆ ಬೇಡ. ಅಡುಗೆಮನೆಗೂ ತೊಟ್ಟಿಗೂ ಎಷ್ಟು ದೂರ ಇದೆ ನೋಡು."

"ಹಾಗಾದ್ರೆ ನನ್ನ ಕೇಕು ಉಬ್ಬಬಾರದು, ನಿಮ್ಮ ಮೀನು ಮಾತ್ರ ಉಬ್ಬಬೇಕು ಅಂತೀರಿ."

"ಉಬ್ಬಿದಾವಲ್ಲೇ ಆಗಲೇ," ಎಂದರು ಅತ್ತೆ ಕುರ್ಚಿಯಿಂದ. "ಆ ಹಳದಿದು ತಿರುಗೋಕೇ ಕಷ್ಟಪಡ್ತಿದೆ, ಪಾಪ."

"ಅದು ಆರೋಗ್ಯ ಅಮ್ಮ. ಅಳತೆಯ ಊಟದಿಂದ ಬರೋ ಆರೋಗ್ಯ."

ಅಳತೆಯ ಊಟ ಎಂಬುದು ಇನ್‌ಸ್ಪೆಕ್ಟರ ಹೆಮ್ಮೆಯ ಮಾತು. ಮೀನೂಟದ ಡಬ್ಬಿ ತೊಟ್ಟಿಯ ಪಕ್ಕದ ಹಲಗೆಯ ಮೇಲಿರುತ್ತಿತ್ತು. ಬೆಳಗ್ಗೆ ಅವರೊಬ್ಬರೇ ಅದರಿಂದ ಒಂದು ಚಿಟಿಕೆ ತೆಗೆದು ಹಾಕುವುದು, ಅಷ್ಟೇ. ಬೇರೆ ಯಾರೂ ಮುಟ್ಟಕೂಡದು. ಮೀನಿನ ಊಟ ಹೆಚ್ಚಾದರೆ ಫಾಸ್ಫೇಟ್ ಹೆಚ್ಚುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಯಾರಾದರೂ ಊಟ ಹೆಚ್ಚಾಗಿರಬಹುದಾ ಎಂದು ಕೇಳಿದರೆ ಆ ಡಬ್ಬಿಯನ್ನು ಎತ್ತಿ ತೋರಿಸುತ್ತಿದ್ದರು. "ನೋಡಿ, ತಿಂಗಳುಗಟ್ಟಲೆ ಆಯ್ತು, ಡಬ್ಬೀಲಿ ಊಟ ಎಲ್ಲೀವರೆಗಿತ್ತೋ ಅಲ್ಲೀವರೆಗೇ ಇದೆ. ಇದಕ್ಕಿಂತ ಕಡಿಮೆ ಊಟ ಹಾಕೋಕೆ ಸಾಧ್ಯನಾ?" ಎಂದು ಕೇಳುತ್ತಿದ್ದರು. ಎದುರಿದ್ದವರು ಸಾಧ್ಯವಿಲ್ಲ ಎಂದು ಒಪ್ಪುತ್ತಿದ್ದರು.

ಈಗ ತೀರ್ಪು ಹೊರಬಿತ್ತು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಹಲ್ಲಿನ ಡಾಕ್ಟರರು ಕೂಟದ ಪರವಾಗಿ ತೊಟ್ಟಿ ನೋಡಲು ಬರುತ್ತಾರೆ. ಅವರ ಮುಂದೆ ಫಾಸ್ಫೇಟಿನ ಮೂಲ ಸಿಕ್ಕಿದೆ ಎಂದು ಹೇಳಬೇಕು. ಅದರ ಮರುದಿನ, ಸೋಮವಾರ ಬೆಳಗ್ಗೆ, ಓವನ್ ಅಡುಗೆಮನೆಯಿಂದ ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಬೇಕು. ಇನ್‌ಸ್ಪೆಕ್ಟರು ಟೇಪು ಹಿಡಿದು ಗೂಡನ್ನು ಅಳೆದೂ ಬಂದರು.

"ಅಲ್ಲಿ ಪ್ಲಗ್ಗೇ ಇಲ್ವಲ್ಲ ರೀ."

"ಸದ್ಯಕ್ಕೆ ಅಲ್ಲಿರಲಿ. ಆಮೇಲೆ ನೋಡೋಣ."

'ಆಮೇಲೆ ನೋಡೋಣ' ಎಂದರೆ ಆ ಮನೆಯಲ್ಲಿ ಏನರ್ಥ ಎಂದು ಕೇಕಕ್ಕನಿಗೆ ಗೊತ್ತಿತ್ತು. ಹೊಲಿಗೆ ಯಂತ್ರ ಆ ಗೂಡಿಗೆ ಹೋದದ್ದೂ ಹೀಗೇ, ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅದೇ ಸೋಮವಾರ ಅವಳು ಆಸ್ಪತ್ರೆಗೆ ದೊಡ್ಡ ಕೇಕು ಕೊಡಬೇಕಿತ್ತು. ಅಲ್ಲಿನ ಮೇಟ್ರನ್ ಕಟ್ಟುನಿಟ್ಟಿನ ಹೆಂಗಸು. "ಇದು ಚೆನ್ನಾಗಿದ್ರೆ ಇನ್ಮೇಲೆ ನಮ್ಮ ಆಸ್ಪತ್ರೆಗೆ ಬೇಕಾದ ಕೇಕೆಲ್ಲ ನಿಮ್ಮದೇ," ಎಂದಿದ್ದರು. ಬೀದಿಯ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಮಾಡಿಕೊಂಡಿದ್ದವಳಿಗೆ ಇದು ಕಾಲೂರಲು ಸಿಕ್ಕ ನೆಲ. ಓವನ್ ಗೂಡು ಸೇರಿದರೆ ಆ ಮೇಟ್ರನ್‌ಗೆ ಏನು ಹೇಳುವುದು? ನಮ್ಮನೆ ಮೀನಿಗೆ ನಿಮ್ಮ ಕೇಕು ಆಗಿಬರಲ್ಲ ಅನ್ನುವುದಾ?

ಆದರೂ ಅವಳು ಗಂಡನೊಡನೆ ಜೋರಾಗಿ ವಾದಿಸಲಿಲ್ಲ. ಅದಕ್ಕೊಂದು ಕಾರಣವಿತ್ತು. ಅವಳ ಮೈದಾ ಡಬ್ಬದೊಳಗೆ, ಹಿಟ್ಟಿನಡಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಮೀನಿನ ಊಟದ ಪೊಟ್ಟಣ.

ತಪ್ಪು ಅವಳದಲ್ಲ, ಕೈಯದ್ದು. ಕೇಕು ಓವನ್ನಿಗೆ ಹೋದ ಮೇಲೆ ಅದು ಬೇಯುವವರೆಗೆ ತೊಟ್ಟಿಯೆದುರಿನ ಸ್ಟೂಲಿನಲ್ಲಿ ಕೂರುವುದು ಅವಳ ರೂಢಿ. ಕೂತ ತಕ್ಷಣ ಕಿತ್ತಳೆ ಬಣ್ಣದ ಪಟ್ಟೆ ಮೀನೊಂದು ಗಾಜಿಗೆ ಮೂತಿ ಒತ್ತಿ ಬಾಯಿ ತೆರೆದು ಮುಚ್ಚುತ್ತದೆ. ಮಗಳು ಎಳೆಗೂಸಾಗಿದ್ದಾಗ ಹೀಗೇ ಮಾಡುತ್ತಿದ್ದಳು. ತೆರೆದ ಬಾಯಿಯ ಮುಂದೆ ಕೈಕಟ್ಟಿ ಕೂರುವುದು ಕೇಕಕ್ಕನಿಗೆ ಬರುವುದಿಲ್ಲ. ಡಬ್ಬಿಯಿಂದ ಒಂದು ಚಿಟಿಕೆ, ಅಷ್ಟೇ. ಡಬ್ಬಿ ಇಳಿದರೆ ಗಂಡನಿಗೆ ಗೊತ್ತಾಗುತ್ತದೆಂದು ತನ್ನ ಪೊಟ್ಟಣದಿಂದ ಮತ್ತೆ ಅಷ್ಟು ತುಂಬಿಸಿಡುತ್ತಿದ್ದಳು.

ಓವನ್ ಮೇಲೆ ಆಪಾದನೆ ಬಂದ ರಾತ್ರಿ ಅವಳ ಮನಸ್ಸು ಚುಚ್ಚಿತು. ಒಂದು ವೇಳೆ ನನ್ನ ಚಿಟಿಕೆಯಿಂದಲೇ ಹೀಗಾಗಿದ್ದರೆ? ಹಾಗಿದ್ದರೆ ಒಪ್ಪಿಕೊಂಡು ಬಿಡುವುದು ವಾಸಿ. ಬೈಗುಳ ನನಗಿರಲಿ, ಓವನ್ ಉಳಿದರೆ ಸಾಕು. ಮರುದಿನದಿಂದ ಸ್ಟೂಲನ್ನು ತಿರುಗಿಸಿಟ್ಟು, ತೊಟ್ಟಿಗೆ ಬೆನ್ನು ಹಾಕಿ ಕೂತಳು. ಮೀನು ಬೆನ್ನ ಹಿಂದೆ ಬಾಯಿ ತೆರೆದು ನಿಂತಿದೆಯೆಂದು ಅವಳಿಗೆ ನೋಡದೆಯೂ ಗೊತ್ತಾಗುತ್ತಿತ್ತು. ಹಲ್ಲು ಕಚ್ಚಿಕೊಂಡು ಆ ವಾರ ಕಳೆದಳು. ಶೀಶೆಯ ನೀಲಿ ಎಳ್ಳಷ್ಟೂ ತಿಳಿಯಾಗಲಿಲ್ಲ.

ನನ್ನದಲ್ಲ ಹಾಗಾದರೆ ಎಂದು ಉಸಿರು ಬಿಟ್ಟಳು. ಆಮೇಲೆ ಹಲಗೆ ಒರೆಸುವಾಗ ಡಬ್ಬಿಯ ಮೇಲೆ ಕಣ್ಣು ಬಿತ್ತು.

ಡಬ್ಬಿ ತುಂಬಿತ್ತು.

ಬಟ್ಟೆ ಕೈಯಲ್ಲೇ ಉಳಿಯಿತು. ಅವಳು ಡಬ್ಬಿಗೆ ಊಟ ತುಂಬಿಸಿ ವಾರವಾಗಿತ್ತು. ಗಂಡ ದಿನಾ ಬೆಳಗ್ಗೆ ಒಂದು ಚಿಟಿಕೆ ತೆಗೆದದ್ದನ್ನು ಕಣ್ಣಾರೆ ಕಂಡಿದ್ದಳು. ಅಷ್ಟಾದರೂ ಇಳಿಯಬೇಕಲ್ಲ. ಸಕ್ಕರೆಯಾಗಲಿ ಉಪ್ಪಾಗಲಿ, ತೆಗೆದು ಹಾಕುವ ಯಾವ ಡಬ್ಬಿಯೂ ತಾನಾಗಿ ತುಂಬಿಕೊಂಡದ್ದನ್ನು ಅವಳು ಇಷ್ಟು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. ತುಂಬಿಕೊಳ್ಳುವುದಾದರೆ ಮೈದಾ ಡಬ್ಬಕ್ಕೇ ಮೊದಲು ಆ ಬುದ್ಧಿ ಬರಬಹುದಿತ್ತು.

ಮರುದಿನ ಗಂಡ ಹೇಳಿದ್ದ ಕಂದು ಹರಳು ತರಲು ಬಣ್ಣದ ಮೀನಿನ ಅಂಗಡಿಗೆ ಹೋದಾಗ ಅಂಗಡಿಯವನು ಹರಳಿನ ಡಬ್ಬಿ ಕಟ್ಟಿಕೊಡುತ್ತ, "ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ಲಾ?" ಎಂದ. "ನಿಮ್ಮನೇಲಿ ತಿಮಿಂಗಿಲ ಏನಾದ್ರೂ ಸಾಕಿದ್ದೀರಾ?"

"ಯಾಕಪ್ಪಾ?"

"ನೀವು ಬಂದು ಊಟ ಒಯ್ತಿದ್ರಿ, ಸರಿ. ಅಜ್ಜಿ ವಾಕಿಂಗ್ ಬಂದಾಗ ಒಂದು ಪೊಟ್ಟಣ. ಪಾಪು ಸ್ಕೂಲಿಂದ ಬರ್ತಾ ಒಂದು. ಸಾರಂತೂ ತಕ್ಕಡಿ ನೋಡೋಕೆ ಅಂತ ಬರ್ತಾರೆ, ತಕ್ಕಡಿ ನೋಡ್ತಾರೆ, ಒಂದು ಪೊಟ್ಟಣ ಒಯ್ತಾರೆ. ಮನೇಲಿ ಹೇಳ್ಬೇಡ ಅಂತ ಎಲ್ಲರೂ ಹೇಳಿದಾರೆ. ನಾನೂ ಹೇಳಿಲ್ಲ."

"ಈಗ ಹೇಳ್ತಿದೀಯಲ್ಲ."

"ನೀವು ಮನೇಲಿ ಇಲ್ವಲ್ಲಕ್ಕ, ಅಂಗಡೀಲಿ ಇದ್ದೀರಿ."

ಅವನ ಮುಖ ನೋಡಿದಳು. ಊಟ ಮಾರುವವನೂ ಅವನೇ, ಆ ಊಟದಿಂದ ಏರಿದ ಫಾಸ್ಫೇಟ್ ಇಳಿಸುವ ಹರಳು ಮಾರುವವನೂ ಅವನೇ. ಮುಖದಲ್ಲಿ ಒಂದು ಸುಕ್ಕಿಲ್ಲ, ಮಗುವಿನಂಥ ನಗು.

ಅವತ್ತು ಮಧ್ಯಾಹ್ನ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದಳು. ಅತ್ತೆ ನಿದ್ದೆ ಬಂದವರಂತೆ ಕೂತಿದ್ದವರು, ಎದ್ದು, ಕನ್ನಡಕದ ಡಬ್ಬಿ ತೆಗೆದು, ಅದರೊಳಗಿಂದ ಚಿಟಿಕೆ ಹಿಡಿದು, "ತಿನ್ನಪ್ಪ, ನಿನಗೂ ಒಂದು ಹೊಟ್ಟೆ ಇಲ್ವಾ," ಎಂದು ಹಾಕಿದರು. ಆಮೇಲೆ, ಹಿಂದೆ ಮೀನೂಟದ ಡಬ್ಬಿಯಿಂದ ತೆಗೆದದ್ದಕ್ಕೆ ಸರಿಯಾಗಲೆಂದು, ಅದಕ್ಕೂ ಒಂದಿಷ್ಟು ಸುರಿದರು. ಸಂಜೆ ಮಗಳು ಲೆಕ್ಕ ಮಾಡುವ ನೆಪದಲ್ಲಿ ತೊಟ್ಟಿಯ ಹತ್ತಿರ ಕೂತಳು. ಕಂಪಾಸ್ ಬಾಕ್ಸು ತೆರೆಯಿತು, ಮುಚ್ಚಿತು. ಇನ್‌ಸ್ಪೆಕ್ಟರು ಬಂದರು. ಚಪ್ಪಲಿ ಬಿಚ್ಚುವ ಮೊದಲೇ ತೂಕದ ಕಲ್ಲಿನ ಪೆಟ್ಟಿಗೆ ಹಿಡಿದು ತೊಟ್ಟಿಯ ಮೂಲೆಗೆ ಹೋದರು. ಮೀನುಗಳೆಲ್ಲ ಆ ಮೂಲೆಗೆ ಮುಗಿಬಿದ್ದವು. "ನನ್ನನ್ನು ಕಂಡ್ರೆ ಪ್ರಾಣ ಇವಕ್ಕೆ," ಎಂದು ಅವರು ದಿನಾ ಹೇಳುವ ಮಾತನ್ನು ಅವತ್ತೂ ಹೇಳಿದರು. ಕೇಕಕ್ಕನೂ ಇಷ್ಟು ದಿನ ಅದನ್ನು ಪ್ರಾಣ ಎಂದೇ ನಂಬಿದ್ದಳು.

ಹೇಳಿಬಿಡಬಹುದಿತ್ತು. ಹೇಳಿದರೆ ಮುಂದೇನಾಗುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅತ್ತೆ ಇಲ್ಲವೇ ಇಲ್ಲ ಎನ್ನುತ್ತಾರೆ. ಮಗಳು ಅಳುತ್ತಾಳೆ. ಗಂಡ, "ಓವನ್ ಉಳಿಸ್ಕೊಳ್ಳೋಕೆ ನನ್ನ ತಾಯಿ ಮೇಲೆ ಹಾಕ್ತೀಯಾ?" ಎನ್ನುತ್ತಾರೆ. ತಮ್ಮ ಪೆಟ್ಟಿಗೆಯ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ಇವರಿಗೆ ಇವರ ಭಾಷೆಯಲ್ಲೇ ಹೇಳಬೇಕು.

ಶುಕ್ರವಾರ ಊಟದ ಹೊತ್ತಿಗೆ ಇನ್‌ಸ್ಪೆಕ್ಟರು ಭಾನುವಾರದ ಭಾಷಣ ಒಪ್ಪಿಸುತ್ತಿದ್ದರು. ಡಾಕ್ಟರರು ಊಟದ ವಿಷಯ ಎತ್ತಿದರೆ ಡಬ್ಬಿ ತೋರಿಸುತ್ತೇನೆ ಎಂದರು.

"ತೋರಿಸಿದ್ರೆ ಸಾಕಾ ರೀ?" ಎಂದಳು ಕೇಕಕ್ಕ, ತಟ್ಟೆಗೆ ಬಡಿಸುತ್ತ. "ಕಣ್ಣಂದಾಜು ನಿಮಗೇ ಆಗಲ್ಲ. ಇವತ್ತು ಒಂದ್ಸಲ ತೂಕ ಹಾಕಿ, ಚೀಟಿ ಅಂಟಿಸಿ. ಭಾನುವಾರ ಅವರ ಮುಂದೆ ಇನ್ನೊಂದ್ಸಲ ಹಾಕಿ. ಎರಡು ದಿನಕ್ಕೆ ಎಷ್ಟು ಕಡಿಮೆ ಇಳಿದಿದೆ ಅಂತ ತಕ್ಕಡೀನೇ ಹೇಳುತ್ತೆ. ಆಮೇಲೆ ಉಳಿಯೋದು ನನ್ನ ಓವನ್ ಒಂದೇ."

ಅತ್ತೆಗೆ ಕೆಮ್ಮು ಬಂತು. ಮಗಳು ನೀರು ಕುಡಿಯಲು ಹೊರಟಳು, ಲೋಟ ಮುಂದೆಯೇ ಇತ್ತು. ಇನ್‌ಸ್ಪೆಕ್ಟರ ಕೈ ತಟ್ಟೆಯಲ್ಲಿ ಒಂದು ಗಳಿಗೆ ನಿಂತಿತು. ಆದರೆ ತೂಕ ಬೇಡ ಎನ್ನುವ ಮಾತು ಆ ಬಾಯಿಯಿಂದ ಹೊರಡುವುದು ಹೇಗೆ?

"ಹಾಕೋಣ," ಎಂದರು. "ತೂಕಕ್ಕೆ ನಾನು ಹೆದರ್ತೀನಾ?"

ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಡಬ್ಬಿ ಅದರ ಮೇಲೆ ಕೂತಿತು. ತೂಕ ಬರೆದ ಚೀಟಿಯನ್ನು ಡಬ್ಬಿಗೆ ಅಂಟಿಸಿ, ಮೂಲೆಯಲ್ಲಿ ಸಹಿ ಹಾಕಿದರು. ಆಮೇಲೆ ಎರಡು ದಿನ ಮನೆಯಲ್ಲಿ ಎಲ್ಲರೂ ಬಹಳ ಒಳ್ಳೆಯವರಾಗಿದ್ದರು. ಅತ್ತೆ ತಾವಾಗಿ ಬೀನ್ಸು ಬಿಡಿಸಿಕೊಟ್ಟರು. ಮಗಳು ಹಾಸಿಗೆ ಮಡಚಿದಳು. ಕೇಕಕ್ಕ ತನ್ನ ಪೊಟ್ಟಣದ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆಯಲ್ಲಿ ಕೂತವಳಿಗೆ ಹಾಲ್‌ನಿಂದ ಆಗಾಗ ಡಬ್ಬಿಯ ಮುಚ್ಚಳದ ಟಕ್ ಎಂಬ ಸದ್ದು ಕೇಳುತ್ತಿತ್ತು. ಅವಳು ಮಾತ್ರ ಮೊಟ್ಟೆ ನೊರೆ ಬರಿಸುತ್ತಲೇ ಇದ್ದಳು.

ಭಾನುವಾರ ಹಲ್ಲಿನ ಡಾಕ್ಟರರು ಬಂದರು. ಜೊತೆಗೆ ಕೂಟದ ಕಾರ್ಯದರ್ಶಿಯಾದ ವಕೀಲರೊಬ್ಬರು ಬಂದಿದ್ದರು. ಡಾಕ್ಟರರು ಪುಟ್ಟ ಟಾರ್ಚು ಬಿಟ್ಟು ಒಂದೊಂದೇ ಹವಳವನ್ನು ನೋಡಿದರು. ಇನ್ನೇನು ಬಾಯಿ ಅಗಲ ಮಾಡಿ ಎನ್ನುತ್ತಾರೆ ಎಂದು ಕೇಕಕ್ಕ ಕಾದಳು.

"ಬುಡದಲ್ಲಿ ಕೂತಿದೆ ಪಾಚಿ," ಎಂದರು ಡಾಕ್ಟರರು ಗಂಭೀರವಾಗಿ. "ಎಷ್ಟಿದೆ ಫಾಸ್ಫೇಟ್?"

ಇನ್‌ಸ್ಪೆಕ್ಟರು ಸಂಖ್ಯೆ ಹೇಳಿದರು. ನಿಜದ್ದಕ್ಕಿಂತ ಒಂದು ಹಿಂದಿನ, ತಿಳಿ ನೀಲಿಯ ಸಂಖ್ಯೆಯನ್ನೇ ಹೇಳಿದ್ದರು. ಅದಕ್ಕೂ ವಕೀಲರು ನಾಲಿಗೆ ಲೊಚಗುಟ್ಟಿ ಅವರ ಭುಜ ತಟ್ಟಿದರು.

"ಊಟ ಜಾಸ್ತಿ ಆಗ್ತಿದೆಯೇನೋ."

"ದಿನಕ್ಕೆ ಒಂದು ಚಿಟಿಕೆ ಸಾರ್, ನಾನೇ ಹಾಕೋದು. ಮೂಲ ಸಿಕ್ಕಿದೆ. ನಮ್ಮ ಅಡುಗೆಮನೇಲಿ ಬೇಕಿಂಗ್ ಪೌಡರ್ ಹಾರ್ತಾ ಇದೆ. ನಾಳೆ ಓವನ್ ತೆಗೆಸ್ತಿದೀನಿ."

"ಹೌದಾ," ಎಂದರು ವಕೀಲರು, ಕೇಕಕ್ಕ ಕೊಟ್ಟ ಕೇಕಿನ ಎರಡನೇ ತುಂಡನ್ನು ಬಾಯಿಗಿಡುತ್ತ. "ಮನೇಲಿ ಇಂಥದ್ದು ಇಟ್ಕೋಬಾರದು." ಅವರ ಕೈಯಿಂದ ಚೂರೊಂದು ತೊಟ್ಟಿಗೆ ಉದುರಿತು. ಹಳದಿ ಮೀನು ಅದನ್ನು ನುಂಗಿತು. ಯಾರೂ ನೋಡಿದಂತೆ ಕಾಣಲಿಲ್ಲ.

"ಊಟದ ಅನುಮಾನ ಇರಬಾರದು ಅಂತ ತೂಕ ಹಾಕಿಟ್ಟಿದಾರೆ ಸಾರ್," ಎಂದಳು ಕೇಕಕ್ಕ ಮೆಲ್ಲಗೆ. "ತೋರಿಸಿ ರೀ."

ತಕ್ಕಡಿ ಬಂತು. ಇನ್‌ಸ್ಪೆಕ್ಟರು ಚೀಟಿಯನ್ನು ಓದಿ ಹೇಳಿ, ಡಬ್ಬಿಯನ್ನು ಇಟ್ಟರು. ತಕ್ಕಡಿ ಸಂಖ್ಯೆ ತೋರಿಸಿತು. ಡಾಕ್ಟರರು ಟಾರ್ಚನ್ನು ಅದರ ಮೇಲೆ ಬಿಟ್ಟರು.

"ಇದೇನ್ರೀ ಇದು," ಎಂದರು. "ಎರಡು ದಿನ ಮೀನು ತಿಂದ ಮೇಲೆ ಡಬ್ಬಿ ಭಾರ ಆಗಿದೆ."

ಇನ್‌ಸ್ಪೆಕ್ಟರು ಡಬ್ಬಿ ಎತ್ತಿ ಮತ್ತೆ ಇಟ್ಟರು. ಮತ್ತೂ ಅದೇ ಸಂಖ್ಯೆ. ಕೈ ತಾಗಿ ಮುಚ್ಚಳ ಹಾರಿ ಬಿತ್ತು. ಒಳಗೆ ಊಟ ಕಂಠಮಟ್ಟ ಅಲ್ಲ, ಅದಕ್ಕೂ ಮೇಲೆ ರಾಶಿಯಾಗಿತ್ತು. ಎಷ್ಟು ತೆಗೆದೆವು, ಎಷ್ಟು ತುಂಬಬೇಕು ಎಂದು ತಿಳಿಯದೆ ಒಬ್ಬೊಬ್ಬರೂ ಇರಲಿ ಎಂದು ಒಂದೊಂದು ಹಿಡಿ ಹೆಚ್ಚೇ ಸುರಿದಿದ್ದರು.

"ನಿನ್ನ ತಕ್ಕಡಿ ಕೆಟ್ಟಿದೆಯೇನೋ," ಎಂದರು ತಾಯಿ, ಕನ್ನಡಕದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು.

ಆ ತಕ್ಕಡಿಯ ಮೇಲೆ ಇನ್‌ಸ್ಪೆಕ್ಟರದೇ ಮುದ್ರೆ ಇತ್ತು. ಅದು ಕೆಟ್ಟಿದೆ ಎನ್ನುವ ಹಾಗಿರಲಿಲ್ಲ. ಸರಿಯಿದೆ ಎನ್ನುವ ಹಾಗೂ ಇರಲಿಲ್ಲ. ಇನ್‌ಸ್ಪೆಕ್ಟರು ಕಳ್ಳತೂಕದ ಅಂಗಡಿಯವನಂತೆ ಬೆವರಿದರು.

"ತೇವಾಂಶ," ಎಂದರು ಕೊನೆಗೆ. "ತೊಟ್ಟಿ ಪಕ್ಕದಲ್ಲೇ ಇದೆಯಲ್ಲ. ತೇವಕ್ಕೆ ಭಾರ ಬಂದಿದೆ."

"ಹೋದ ವಾರ ಬೇಳೆ ಅಂಗಡಿಯವನೂ ಅದೇ ಹೇಳಿದ ಅಂದ್ರಲ್ಲ ರೀ," ಎಂದಳು ಕೇಕಕ್ಕ. "ಬಿಟ್ಟುಬಿಟ್ರಾ ಅವನನ್ನ?"

ಇನ್‌ಸ್ಪೆಕ್ಟರು ಬಿದ್ದ ಮುಚ್ಚಳ ಹೆಕ್ಕಿ ಡಬ್ಬಿಗೆ ಒತ್ತತೊಡಗಿದರು.

"ಅಪ್ಪ, ನಾನು ಸ್ವಲ್ಪ ತುಂಬಿಸಿದೆ," ಎಂದಳು ಮಗಳು. ಕಂಪಾಸ್ ಬಾಕ್ಸು ತೆರೆದು ಮೇಜಿನ ಮೇಲಿಟ್ಟಳು. ಕೋನಮಾಪಕದ ಕೆಳಗೆ ಪೊಟ್ಟಣ. "ದಿನಾ ಕೇಳುತ್ತಲ್ಲ ಅದು, ಬಾಯಿ ಬಿಟ್ಟು."

"ನಾನೂ ಹಾಕ್ತಿದ್ದೆ," ಎಂದಳು ಕೇಕಕ್ಕ. "ನಂದು ಮೈದಾ ಡಬ್ಬದಲ್ಲಿದೆ. ಈ ವಾರ ಮಾತ್ರ ಹಾಕಿಲ್ಲ."

ಅತ್ತೆ ಕನ್ನಡಕದ ಡಬ್ಬಿಯನ್ನು ಟಕ್ ಎಂದು ತೆರೆದಿಟ್ಟರು. "ಹೌದು, ಹಾಕ್ದೆ. ನಿನಗೆ ಹಾಲು ಕುಡಿಸುವಾಗಲೂ ಡಾಕ್ಟರು ಅಳತೆ ಹೇಳಿದ್ರು. ಅಳತೆ ನೋಡಿದ್ರೆ ನೀನು ಇಷ್ಟೆತ್ತರ ಆಗ್ತಿದ್ಯಾ?" ಎಂದರು. ಆಮೇಲೆ ಮಗನ ಪೆಟ್ಟಿಗೆಯ ಕಡೆ ಗಲ್ಲ ಎತ್ತಿ, "ಈಗ ಅದನ್ನ ತೆಗಿ," ಎಂದರು.

"ಅದು ಸರ್ಕಾರದ ಪೆಟ್ಟಿಗೆ ಅಮ್ಮ."

"ತೆಗೀಬೇಡ. ಇಲ್ಲಿ ಇಡು, ಸಾಕು."

ಬೇರೆ ದಾರಿ ಕಾಣದೆ ಅವರು ಪೆಟ್ಟಿಗೆಯನ್ನು ತೊಟ್ಟಿಯ ಮೂಲೆಯ ಬಳಿ ಇಟ್ಟರು. ಕಿತ್ತಳೆಯದು, ಹಳದಿಯದು, ಬಂಡೆಯಡಿಯಿಂದ ಎಂದೂ ಹೊರಬಾರದ ನಾಚಿಕೆಯ ಸಣ್ಣದು, ಎಲ್ಲ ಆ ಮೂಲೆಗೆ ಓಡಿಬಂದು ಗಾಜಿಗೆ ಮೂತಿ ಒತ್ತಿ ಬಾಯಿ ತೆರೆದು ನಿಂತವು. ವಕೀಲರು ತಮ್ಮ ವೃತ್ತಿಯಲ್ಲಿ ಇಷ್ಟು ಒಮ್ಮತದ ಸಾಕ್ಷಿಗಳನ್ನು ನೋಡಿರಲಿಲ್ಲವೋ ಏನೋ, ಮೂರನೇ ತುಂಡು ಕೇಕನ್ನು ಕೈಯಲ್ಲೇ ಹಿಡಿದು ನಿಂತರು.

"ಸಂಜೆ ಬಂದಾಗ ಒಂಚೂರು," ಎಂದರು ಇನ್‌ಸ್ಪೆಕ್ಟರು ನೆಲ ನೋಡುತ್ತ. "ಅವು ಅಷ್ಟು ಪ್ರೀತಿಯಿಂದ ಬರ್ತಾವೆ."

"ನಾಳೆ ಮೇಟ್ರನ್‌ಗೆ ಕೇಕು ಕೊಡ್ಬೇಕು ನಾನು," ಎಂದಳು ಕೇಕಕ್ಕ. "ಓವನ್ ಎಲ್ಲಿರಬೇಕು ರೀ?"

"ಇದ್ದಲ್ಲೇ ಇರಲಿ."

ಅವಳು ಒಳಗೆ ಹೋಗಿ ಓವನ್ ಹಚ್ಚಿದಳು.

ಮೇಟ್ರನ್ ಕೇಕು ತಿಂದು ಮುಂದಿನ ತಿಂಗಳಿನದ್ದನ್ನೂ ಅವಳಿಗೇ ಒಪ್ಪಿಸಿದರು. ಮನೆಯಲ್ಲಿ ಪೊಟ್ಟಣಗಳೆಲ್ಲ ಜಪ್ತಿಯಾದವು. ನಿಜವಾಗಿಯೂ ದಿನಕ್ಕೊಂದೇ ಚಿಟಿಕೆ ಎಂಬ ಕಾಯಿದೆ ಬಂತು. ಬಂಡೆಗಳ ಗಡ್ಡ ಉದುರಿತು, ಶೀಶೆ ದಿನದಿಂದ ದಿನಕ್ಕೆ ತಿಳಿಯಾಯಿತು. ಮೆಟ್ಟಿಲ ಕೆಳಗೆ ಓವನ್‌ಗೆಂದು ಅಳೆದ ಗೂಡಿಗೆ ಬೇಡವಾದ ಕಂದು ಹರಳಿನ ಡಬ್ಬಿಗಳು ಹೋಗಿ ಹೊಲಿಗೆ ಯಂತ್ರಕ್ಕೆ ಜೊತೆಯಾದವು. ಇನ್‌ಸ್ಪೆಕ್ಟರು ಕೂಟದಲ್ಲಿ 'ಶಿಸ್ತು' ಎಂಬ ವಿಷಯದ ಮೇಲೆ ಮಾತಾಡಿದರು. ಆ ಭಾನುವಾರದ ಪ್ರಸ್ತಾಪ ಅದರಲ್ಲಿ ಇರಲಿಲ್ಲ. ಡಾಕ್ಟರರೂ ನೆನಪಿಸಲಿಲ್ಲ, ಅವರ ಕ್ಲಿನಿಕ್ಕಿನ ನರ್ಸಮ್ಮ ತನ್ನ ಚೀಲದಲ್ಲಿ ಏನು ಇಟ್ಟುಕೊಂಡಿದ್ದಾಳೆ ಎಂದು ಅವರೂ ಮರುದಿನವೇ ನೋಡಿದ್ದರಂತೆ.

ಆದರೆ ಒಂದು ಬೆಳಗ್ಗೆ ಶೀಶೆಯಲ್ಲಿ ನೀಲಿಯೇ ಇರಲಿಲ್ಲ. ಇನ್‌ಸ್ಪೆಕ್ಟರು ಕುಣಿದರು. ಕೆಲವು ದಿನಕ್ಕೆ ಹವಳಗಳು ಬಣ್ಣ ಕಳೆದುಕೊಂಡು ಬಿಳಿಚತೊಡಗಿದವು. ಹಲ್ಲಿನ ಡಾಕ್ಟರರು ಫೋನಿನಲ್ಲಿ, "ಪೂರ್ತಿ ಸೊನ್ನೆ ಆದ್ರೂ ಹವಳ ಉಪವಾಸ ಬೀಳುತ್ತೆ ಕಣ್ರೀ. ಸ್ವಲ್ಪ ಜಾಸ್ತಿ ಹಾಕಿ," ಎಂದರು. ಇನ್‌ಸ್ಪೆಕ್ಟರು ಸರದಿ ಗೊತ್ತುಮಾಡಿದರು: ಇಂಥ ದಿನ ಅಮ್ಮ, ಇಂಥ ದಿನ ಮಗಳು, ಇಂಥ ದಿನ ಹೆಂಡತಿ, ಒಬ್ಬೊಬ್ಬರು ಒಂದೊಂದು ಚಿಟಿಕೆ.

ಯಾರೂ ಹಾಕಲಿಲ್ಲ. ಮಗಳಿಗೆ ಪರೀಕ್ಷೆ ಇತ್ತು. ಅತ್ತೆಗೆ ಮಂಡಿ ನೋವಿತ್ತು.

"ನೀನು ಹೇಳಿದ ದಿನ, ನೀನು ಹೇಳಿದಷ್ಟು ಹಾಕೋಕೆ ನಾನೇನು ನಿನ್ನ ಆಫೀಸಿನ ಜವಾನನೇನೋ?" ಎಂದರು ಮಗನಿಗೆ.

ಕೇಕಕ್ಕ ಎರಡು ದಿನ ನೋಡಿದಳು. ಹವಳ ಇನ್ನೂ ಬಿಳಿಚಿತು. ಹೀಗೇ ಬಿಟ್ಟರೆ ಗಂಡ ಮತ್ತೆ ಮನೆಯೆಲ್ಲ ಮೂಸಿ ನೋಡಿ, ಈ ಸಲ ಓವನ್ನಿನ ಬಿಸಿಯಿಂದಲೇ ಹೀಗಾಗಿದೆ ಎಂದು ಕಂಡುಹಿಡಿಯಲು ಬಹಳ ದಿನ ಬೇಕಾಗುತ್ತಿರಲಿಲ್ಲ. ಮೂರನೆಯ ದಿನ ಊಟದ ಹೊತ್ತಿನಲ್ಲಿ ಅವಳು ಸೌಟು ಕೆಳಗಿಟ್ಟು ಹೇಳಿದಳು: "ಇನ್ಮೇಲೆ ಇವರೊಬ್ಬರು ಬೆಳಗ್ಗೆ ಹಾಕೋದು ಬಿಟ್ರೆ ಯಾರೂ ಆ ತೊಟ್ಟಿ ಹತ್ತಿರ ಸುಳೀಬಾರದು. ಒಂದು ಕಾಳು ಹೆಚ್ಚಿಗೆ ಬಿದ್ರೂ ನನಗೆ ಗೊತ್ತಾಗುತ್ತೆ."

ಆಮೇಲೆ ಜಪ್ತಿಯಾದ ಪೊಟ್ಟಣಗಳನ್ನು ಬಿಚ್ಚಿ, ಕೇಕಿನ ಅಳತೆ ಚಮಚದಲ್ಲಿ ಅತಿ ಚಿಕ್ಕದನ್ನು ಆರಿಸಿಕೊಂಡಳು. ಯಾರೂ ಇಲ್ಲದ ಹೊತ್ತು ನೋಡಿ, ವಾರಕ್ಕೊಂದು ಚಮಚ ಕನ್ನಡಕದ ಡಬ್ಬಿಗೆ, ವಾರಕ್ಕೊಂದು ಕಂಪಾಸ್ ಬಾಕ್ಸಿಗೆ, ವಾರಕ್ಕೊಂದು ಸರ್ಕಾರದ ಪೆಟ್ಟಿಗೆಗೆ ಹಾಕಿಡತೊಡಗಿದಳು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಬೇಕಾದರೆ ಅದು ಇದೆ ಎಂದು ಮೊದಲು ಒಪ್ಪಿಕೊಳ್ಳಬೇಕಲ್ಲ.

ಈಗ ಬೆಳಗಿನ ಶೀಶೆಯಲ್ಲಿ ತೆಳ್ಳಗಿನ ಒಂದು ನೀಲಿ ಇರುತ್ತದೆ, ದಿನಾ ಅದೇ. ಇನ್‌ಸ್ಪೆಕ್ಟರು ಅದನ್ನು ಕಿಟಕಿಗೆ ಹಿಡಿದು ಮನೆಮಂದಿಗೆಲ್ಲ ತೋರಿಸಿ, "ನೋಡಿ, ಒಂದು ಕೈ ಅಳತೆ ಮೀರದಿದ್ರೆ ಹೇಗಿರುತ್ತೆ," ಎನ್ನುತ್ತಾರೆ.

"ಹೌದು ರೀ," ಎನ್ನುತ್ತಾಳೆ ಕೇಕಕ್ಕ ಅಡುಗೆಮನೆಯಿಂದ, ಅತಿ ಚಿಕ್ಕ ಚಮಚವನ್ನು ತೊಳೆದು ಮೊಳೆಗೆ ನೇತುಹಾಕುತ್ತ.